ನಾಯಿಗೆ ದ್ರಾಕ್ಷಿ ಹಾಕಬೇಡಿ, ಒಣದ್ರಾಕ್ಷಿಯಂತೂ ಬೇಡವೇ ಬೇಡ

ವಿಜಯಪುರದವರಿಗೆ ಈ ಮಾತು ಹೇಳೋದು ಸ್ವಲ್ಪ ಕಷ್ಟ. ದ್ರಾಕ್ಷಿ ಅಂದ್ರೆ ನಮಗೆ ಬೆಳೆ, ದುಡ್ಡು, ಹೆಮ್ಮೆ ಎಲ್ಲಾ ಹೌದು. ಆದರೆ ನಾಯಿಗೆ ಅದು ವಿಷ. ಹಸಿ ಹಣ್ಣಾಗಲಿ, ಒಣಗಿದ್ದಾಗಲಿ, ಹೊಡೆತ ಬೀಳೋದು ಕಿಡ್ನಿಗೆ.

ತಿಕೋಟಾ ಕಡೆ ಒಣಗಿಸುವ ಶೆಡ್ಡುಗಳನ್ನು ನೋಡಿದವರಿಗೆ ಗೊತ್ತು. ಒಂದರ ಮೇಲೊಂದು ಬಲೆ ಕಟ್ಟಿ ಹಣ್ಣು ಹರಡಿರುತ್ತಾರೆ, ಒಣಗಿದ ಮೇಲೆ ಬಲೆ ಅಲುಗಾಡಿಸಿ ಕೆಡವುತ್ತಾರೆ, ಆಗ ಕಾವಲು ನಾಯಿ ಅಲ್ಲೇ ಮೂಸುತ್ತಾ ಕಾಳು ಕಾಳು ಹೆಕ್ಕಿ ತಿನ್ನುತ್ತಿರುತ್ತದೆ, ಪ್ರೀತಿಯಿಂದ ಯಾರಾದರೂ ಒಂದು ಹಿಡಿ ಹಾಕಿಯೂ ಬಿಡುತ್ತಾರೆ. ‘ಎಷ್ಟೋ ವರ್ಷದಿಂದ ತಿಂತದ, ಏನೂ ಆಗಿಲ್ಲ’ ಅಂತಾರೆ. ಕೇಳಿದರೆ ಸಂಕಟವಾಗುತ್ತದೆ. ಏನೂ ಆಗದ ನಾಯಿಗಳೂ ಇವೆ, ನಿಜ. ಸ್ವಲ್ಪವೇ ತಿಂದು ಕಿಡ್ನಿ ಕೆಟ್ಟು ಸತ್ತವೂ ಇವೆ. 2021ರಲ್ಲಿ ಅಮೆರಿಕದ ಪಶುವೈದ್ಯರು ಇದಕ್ಕೆ ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಸಿಡ್ ಕಾರಣ ಇರಬಹುದು ಅಂದರು. ಅದು ದ್ರಾಕ್ಷಿಯ ತಳಿಯಿಂದ ತಳಿಗೆ, ಹಣ್ಣು ಮಾಗಿದ್ದರ ಮೇಲೆ ಹೆಚ್ಚು ಕಡಿಮೆ ಆಗುತ್ತದೆ. ಹೋದ ವರ್ಷ ದಕ್ಕಿದ್ದು ಈ ವರ್ಷವೂ ದಕ್ಕುತ್ತದೆ ಅಂತ ಹೇಗೆ ನಂಬೋದು? ಒಣದ್ರಾಕ್ಷಿಯಲ್ಲಿ ಅಪಾಯ ಇನ್ನೂ ಜಾಸ್ತಿ, ಸುಮಾರು 4 ಕೆಜಿ ಹಣ್ಣು ಒಣಗಿ 1 ಕೆಜಿ ಆಗಿರುತ್ತದೆ ಅಲ್ವಾ. ಹುಣಸೆಹಣ್ಣಲ್ಲೂ ಇದೇ ಆಸಿಡ್ ಇದೆ, ಅದೂ ಬೇಡ.

ಹಬ್ಬದ ದಿನ ಉಳಿದ ಗೋಧಿ ಹುಗ್ಗಿ, ಶಿರಾ ಬೀದಿ ನಾಯಿಗೆ ಸುರಿಯುವವರು ಅದರಲ್ಲಿ ಒಣದ್ರಾಕ್ಷಿ ಇದೆಯಾ ನೋಡಿ.

ಇನ್ನು ಉಳ್ಳಾಗಡ್ಡಿ, ಬೆಳ್ಳುಳ್ಳಿ. ಬರೀ ಜೋಳದ ರೊಟ್ಟಿ ಹಾಕಿದರೆ ತೊಂದರೆ ಇಲ್ಲ, ಅದಕ್ಕೆ ನಮ್ಮ ತಟ್ಟೆಯ ಪಲ್ಯೆ, ಮಟನ್ ಸಾರು ಕಲಸಿ ಹಾಕುತ್ತೇವಲ್ಲ, ಅಲ್ಲೇ ಎಡವಟ್ಟು. ಅದರಲ್ಲಿರುವ ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ವಿಷ ಹೋಗಲ್ಲ. ಲಕ್ಷಣ ಕಾಣೋಕೆ ಕೆಲವು ದಿನ ಬೇಕಾಗುತ್ತದೆ. ನಾಯಿ ಸುಸ್ತಾಗಿ, ವಸಡು ಬಿಳಚಿಕೊಂಡು, ಮೂತ್ರ ಕಂದು ಬಣ್ಣಕ್ಕೆ ತಿರುಗುವ ಹೊತ್ತಿಗೆ ಮೊನ್ನೆ ಹಾಕಿದ ಸಾರು ಯಾರ ನೆನಪಿಗೂ ಬರಲ್ಲ. ಬಿಸಿಲಿಗೆ ಹೀಗಾಗಿದೆ ಅಂತ ಸುಮ್ನೆ ಕೂರುತ್ತಾರೆ.

ಚಾಕೊಲೇಟ್ ಕೊಡಬಾರದು ಅಂತ ಬಹಳ ಜನರಿಗೆ ಗೊತ್ತಿದೆ. ಶುಗರ್ ಫ್ರೀ ಚ್ಯೂಯಿಂಗ್ ಗಮ್ ಗೊತ್ತಿಲ್ಲ. ಅದರಲ್ಲಿ ಸಕ್ಕರೆ ಬದಲು ಹಾಕುವ ಕ್ಸೈಲಿಟಾಲ್ ಅನ್ನೋ ಸಿಹಿ ಪದಾರ್ಥ ಇದ್ದರೆ ಅರ್ಧ ಗಂಟೆಯಲ್ಲೇ ನಾಯಿಯ ರಕ್ತದ ಸಕ್ಕರೆ ಅಂಶ ಕುಸಿಯಬಹುದು.

ತಿಂದುಬಿಟ್ಟಿದೆ ಅಂತ ಗೊತ್ತಾದರೆ ವಾಂತಿ ಆಗಲಿ ನೋಡೋಣ ಅಂತ ಕಾಯಬೇಡಿ. ಉಪ್ಪುನೀರು ಕುಡಿಸಬೇಡಿ, ಉಪ್ಪು ಜಾಸ್ತಿಯಾದರೆ ಅದೇ ಇನ್ನೊಂದು ವಿಷ. ಮೊದಲ ಒಂದೆರಡು ಗಂಟೆಯಲ್ಲಿ ಪಶುವೈದ್ಯರ ಹತ್ತಿರ ಹೋದರೆ ಅವರು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಬಹುದು, ಸಲೈನ್ ಹಾಕಿ ಕಿಡ್ನಿ ಉಳಿಸಲು ನೋಡಬಹುದು. ಏನು ತಿಂತು, ಎಷ್ಟು ತಿಂತು, ಎಷ್ಟು ಹೊತ್ತಾಯಿತು, ನಾಯಿಯ ತೂಕ ಎಷ್ಟು, ಇಷ್ಟನ್ನು ದಾರಿಯಲ್ಲೇ ಫೋನ್ ಮಾಡಿ ಹೇಳಿ. ಪ್ಯಾಕೆಟ್ ಇದ್ದರೆ ಜೊತೆಗೇ ಒಯ್ಯಿರಿ.