ತೌಡು ತೆಗೆದ ಪಿಚ್ಚರ್

ಕೊನೆಗೂ ನಮ್ಮ ಹಳೆಯ ಹೀರೊಗಳ ಮುಖ ತೊಳೆಯಲು ಜನ ಸಿಕ್ಕರು. ಪಾಪ, ಐವತ್ತು-ಅರವತ್ತು ವರ್ಷದಿಂದ ಮೈತುಂಬ ಕಾಳು ಕಾಳು ಮೆತ್ತಿಕೊಂಡೇ ಅವರು ಅತ್ತರು, ನಕ್ಕರು, ಆಸ್ತಿಯನ್ನೆಲ್ಲ ತಮ್ಮನಿಗೆ ಬಿಟ್ಟುಕೊಟ್ಟರು, ಕೊನೆಯ ರೀಲಿನಲ್ಲಿ ಸತ್ತೂ ಹೋದರು. ಒಬ್ಬರಾದರೂ ಒಂದು ಒದ್ದೆ ಬಟ್ಟೆ ಹಿಡಿದು ಬರಲಿಲ್ಲ. ಈಗ ‘ಎಐ 4ಕೆ ರಿಮಾಸ್ಟರ್’ ಬಂದಿದೆ, ಅಂದರೆ ಹಳೆಯ ಚಿತ್ರವನ್ನು ಕಂಪ್ಯೂಟರಿಗೆ ಕೊಟ್ಟು ಹೊಸದರಂತೆ ತಿಕ್ಕಿಸುವುದು. ಜಾಹೀರಾತು ನೀವೂ ನೋಡಿದ್ದೀರಿ. ಎಡಕ್ಕೆ ಮಂಕು ಮುಖ, ಬಲಕ್ಕೆ ಫಳಫಳ ಮುಖ, ನಡುವೆ ಒಂದು ಬಿಳಿ ಗೀಟು. ಬೋಳು ತಲೆಗೆ ಎಣ್ಣೆ ಮಾರುವವರೂ ಹೀಗೇ ಗೀಟು ಹಾಕುತ್ತಾರೆ.

ಮೊನ್ನೆ ಭಾನುವಾರ ಗಂಗಾವತಿಯ ನಮ್ಮ ಮನೆಯಲ್ಲಿ ಅಂಥದೊಂದು ಚಿತ್ರ ಹಾಕಿದೆ. ಹೆಸರು ಬೇಡ, ಅದು ಚಿತ್ರದ ತಪ್ಪಲ್ಲ. ಅಮ್ಮ ಅದನ್ನು ಹುಡುಗಿಯಾಗಿದ್ದಾಗ ಟೆಂಟಿನಲ್ಲಿ ನೆಲಕ್ಕೆ ಕೂತು ಮೂರು ಸಲ ನೋಡಿದ್ದಳಂತೆ. ಹೊಸ 55 ಇಂಚಿನ ಟಿ.ವಿ., ಚುರುಮುರಿ ಒಗ್ಗರಣೆ, ಪಕ್ಕದಲ್ಲಿ ಬಿಸಿ ಮಿರ್ಚಿ. ಹೀರೊ ಬಂದ. ಅಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. “ಇಂವಂಗೇನಾಗೈತೋ? ಜ್ವರ ಬಂದು ಮುಖ ಊದಿದಂಗ ಐತಲ್ಲ.”

ಊದಿರಲಿಲ್ಲ, ತಿಕ್ಕಿದ್ದರು. ಹಣೆಯ ಗೆರೆಗಳು ಇಲ್ಲ. ಕೆನ್ನೆ ಗಂಗಾಳದ ಹಾಗೆ ನುಣ್ಣಗೆ. ಮೀಸೆಯಲ್ಲಿ ಕೂದಲು ಎಂಬುದಿರಲಿಲ್ಲ, ಮೂಗಿನ ಕೆಳಗೆ ಕರೀ ಟೇಪು ಅಂಟಿಸಿದಂತಿತ್ತು. ನಮ್ಮ ಕಿನ್ನಾಳದ ಗೊಂಬೆಯ ಹಾಗೆ ಎನ್ನೋಣವೆಂದರೆ ಕಿನ್ನಾಳದವರಿಗೆ ಅವಮಾನ. ಅವರ ಗೊಂಬೆಯ ಕಣ್ಣಿನಲ್ಲಿ ಕುಂಚ ಹಿಡಿದ ಕೈ ಕಾಣುತ್ತದೆ. ಹೀರೊನ ಬೆನ್ನ ಹಿಂದೆ ಒಂದು ಅಂಗಡಿ, ಅಂಗಡಿಗೊಂದು ಬೋರ್ಡು. ಮೂಲದಲ್ಲಿ ಮಸುಕಾಗಿದ್ದ ಅಕ್ಷರವನ್ನು ಯಂತ್ರ ಭಾರೀ ಉಮೇದಿನಿಂದ ಸ್ಪಷ್ಟ ಮಾಡಿಕೊಟ್ಟಿತ್ತು. ಅದು ಕನ್ನಡವಲ್ಲ. ತೆಲುಗೂ ಅಲ್ಲ. ಸುತ್ತ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳ ನಡುವೆ ಬೆಳೆದ ನಾವು ಎರಡನ್ನೂ ಓದಬಲ್ಲೆವು, ಆದರೂ ಆ ಅಂಗಡಿಯಲ್ಲಿ ಏನು ಮಾರುತ್ತಿದ್ದರೋ ತಿಳಿಯಲಿಲ್ಲ.

ಲೆಕ್ಕ ಹಾಕಿದೆ. ನಮ್ಮ ಹಳೆಯ ಚಿತ್ರಗಳು ಬಹುಪಾಲು ಮನೆಗೆ ಬಂದದ್ದು ವಿಸಿಡಿಯಾಗಿ, ಡಿವಿಡಿಯಾಗಿ. ವಿಸಿಡಿಯ ಒಂದು ಚೌಕಟ್ಟೆಂದರೆ ಅಡ್ಡಕ್ಕೆ 352 ಚುಕ್ಕಿ, ಉದ್ದಕ್ಕೆ 288. ಗುಣಿಸಿದರೆ ಒಂದು ಲಕ್ಷದ ಚಿಲ್ಲರೆ. 4ಕೆ ಟಿ.ವಿ.ಯಲ್ಲಿ 3840 ಗುಣಿಲೆ 2160, ಹೆಚ್ಚುಕಡಿಮೆ 83 ಲಕ್ಷ. ವಿಸಿಡಿಯನ್ನೇ ಮೂಲವಾಗಿಟ್ಟುಕೊಂಡು 4ಕೆ ಮಾಡುವವನು ಒಂದು ಲಕ್ಷ ಇಸಿದುಕೊಂಡು 83 ಲಕ್ಷ ವಾಪಸ್ ಕೊಡುತ್ತೇನೆ ಎನ್ನುತ್ತಿದ್ದಾನೆ. ಇಂಥ ಸ್ಕೀಮಿನವರು ನಮ್ಮೂರಿಗೆ ಹಿಂದೆಯೂ ಬಂದಿದ್ದರು. ಆಫೀಸಿಗೆ ಬೀಗ ಬಿದ್ದ ಮೇಲೆ ಜನ ಪೊಲೀಸ್ ಠಾಣೆಯ ಮುಂದೆ ಕೂತಿದ್ದರು.

ಹೋಗಲಿ, ಹಳೆಯ ಚಿತ್ರದ ಮೇಲೆಲ್ಲ ಮಿಸುಕುವ ಆ ಕಾಳು, ಸಿನಿಮಾದವರು ‘ಗ್ರೇನ್’ ಅನ್ನುವುದು, ಏನು? ಕೊಳೆ ಎಂದೇ ಎಲ್ಲರೂ ತಿಳಿದಿದ್ದಾರೆ. ಟಿ.ವಿ. ಅಂಗಡಿಯ ಹುಡುಗ ನನಗೂ ಹಾಗೇ ಹೇಳಿದ, “ಸಾರ್, ಅದು ನಾಯ್ಸ್, ತೆಗೆದುಬಿಡಬೇಕು.” ಕೊಳೆಯಲ್ಲ, ಅದೇ ಚಿತ್ರ. ಫಿಲ್ಮಿನ ಮೇಲೆ ಜೆಲಾಟಿನ್ ಪದರ, ಅದರೊಳಗೆ ಸಿಲ್ವರ್ ಹ್ಯಾಲೈಡಿನ ಸಣ್ಣ ಹರಳುಗಳು. ಬೆಳಕು ತಾಗಿದ ಹರಳು ಡೆವಲಪ್ ಮಾಡಿದಾಗ ಬೆಳ್ಳಿಯಾಗಿ ನಿಲ್ಲುತ್ತದೆ. ಕಪ್ಪುಬಿಳುಪು ಚಿತ್ರದಲ್ಲಿ ಕಪ್ಪು ಅಂತ ನಾವು ನೋಡುವುದೇ ಆ ಬೆಳ್ಳಿಯನ್ನು. ಬಣ್ಣದ ಫಿಲ್ಮಿನಲ್ಲಿ ಬೆಳ್ಳಿ ತೊಳೆದುಹೋಗಿ ಅದಿದ್ದ ಜಾಗದಲ್ಲಿ ಬಣ್ಣದ ಸಣ್ಣ ಮೋಡ ಉಳಿಯುತ್ತದೆ. ಸೆಕೆಂಡಿಗೆ 24 ಚೌಕಟ್ಟು, ಒಂದರ ಹರಳಿನ ಹರವು ಇನ್ನೊಂದಕ್ಕಿಲ್ಲ. ಅದಕ್ಕೇ ಸುಮ್ಮನೆ ನಿಂತ ಗೋಡೆಯೂ ಪರದೆಯ ಮೇಲೆ ಉಸಿರಾಡಿದಂತೆ ಮಿಸುಕುತ್ತದೆ. ಹೀರೊನ ಕೆನ್ನೆ, ಕಣ್ಣೀರು, ಮೀಸೆ ಎಲ್ಲವೂ ಆ ಹರಳಿನಲ್ಲೇ ಇವೆ. ಹರಳು ತೆಗೆದು ಹೀರೊನನ್ನು ಉಳಿಸುತ್ತೇನೆ ಅನ್ನುವುದು ನೂಲು ಎಳೆದುಹಾಕಿ ಸೀರೆ ಇಟ್ಟುಕೊಳ್ಳುತ್ತೇನೆ ಅಂದ ಹಾಗೆ.

ಹಿಂದೆ ಹಳೆಯ ಪ್ರಿಂಟುಗಳನ್ನು ಬೆಳ್ಳಿಯ ಆಸೆಗೆ ಕರಗಿಸಿದವರಿದ್ದರು. ಅವರನ್ನು ನಾವು ಬೇಕಾದಷ್ಟು ಬೈದಿದ್ದೇವೆ. ಆದರೂ ಅವರಿಗೆ ನಾಲ್ಕು ಕಾಸಿನ ಬೆಳ್ಳಿಯಾದರೂ ಸಿಗುತ್ತಿತ್ತು. ಇವರು ಕಂಪ್ಯೂಟರಿನಲ್ಲಿ ತೊಳೆದು ಗಟಾರಕ್ಕೆ ಬಿಡುತ್ತಿದ್ದಾರೆ.

ಇಲ್ಲಿ ಒಂದು ಮಾತು. ಟೆಂಟಿನಲ್ಲಿ ನೋಡಿದವರಿಗೆ ‘ಮಳಿ’ ಗೊತ್ತು. ಹತ್ತೂರು ತಿರುಗಿ ಬಂದ ಪ್ರಿಂಟು, ಬಸ್ಸಿನ ಟಾಪಿನ ಮೇಲೆ ಕೂತು ಬಂದ ಬಾಕ್ಸು, ಮೇಲಿಂದ ಕೆಳತನಕ ಗೀರು. “ಪಿಚ್ಚರ್ ಮಸ್ತ್ ಐತಿ, ಆದ್ರ ಮಳಿ ಭಾಳ” ಎನ್ನುತ್ತಿದ್ದೆವು. ಆ ಮಳೆ ನಿಲ್ಲಿಸಿದವರಿಗೆ ನನ್ನ ಸಾಷ್ಟಾಂಗ. ಧೂಳು ಒರೆಸಿ, ಗೀರು ಮುಚ್ಚಿ, ಅಲುಗಾಟ ಸರಿಮಾಡಿ, ಯಾರು ಬೇಡ ಅಂದರು? ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಮೂಲ ನೆಗೆಟಿವ್‌ನಿಂದಲೇ 4ಕೆಗೆ ತಂದು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರಲ್ಲ, ಕೆಲಸ ಅಂದರೆ ಅದು. ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ, ಫಿಲ್ಮನ್ನು ಕೈಯಿಂದ ಮುಟ್ಟಬೇಕಾಗುತ್ತದೆ. ನಮ್ಮ ರಿಮಾಸ್ಟರ್ ವೀರರಿಗೆ ಒಂದು ರಾತ್ರಿ, ಒಂದು ಬಟನ್ ಸಾಕು.

ಅಂದಹಾಗೆ ಗ್ರೇನ್ ಅಂದರೆ ಕಾಳು. ಕಾಳಿನ ವಿಷಯ ಗಂಗಾವತಿಯವರಿಗೆ ಹೇಳಿಕೊಡಬೇಡಿ. ನಮ್ಮ ಮಿಲ್ಲಿಗೆ ಬನ್ನಿ, ತೋರಿಸುತ್ತೇವೆ. ಮೊದಲು ಹೊಟ್ಟು ಬಿಡಿಸುತ್ತಾರೆ, ಅದು ಸರಿ, ಹೊಟ್ಟು ತಿನ್ನಲಿಕ್ಕಾಗುವುದಿಲ್ಲ. ಆಮೇಲೆ ಪಾಲಿಶ್. ಕಂದು ಬಣ್ಣದ ತೌಡು ಉದುರುತ್ತದೆ, ಅಕ್ಕಿ ಬೆಳ್ಳಗಾಗುತ್ತದೆ. ಸಾಲದೆಂದು ಇನ್ನೊಂದು ಪಾಲಿಶ್, ಮಲ್ಲಿಗೆಯಾಗುತ್ತದೆ. ಕೊನೆಗೆ ಸಾರ್ಟೆಕ್ಸ್. ಒಂದು ಕ್ಯಾಮೆರಾ ಪ್ರತಿ ಕಾಳನ್ನೂ ದಿಟ್ಟಿಸಿ ನೋಡಿ, ಸ್ವಲ್ಪ ಕಪ್ಪಗಿದ್ದದ್ದನ್ನು ಫೂ ಎಂದು ಊದಿ ಆಚೆ ಹಾಕುತ್ತದೆ. ಇಷ್ಟು ಚೆಂದದ ಅಕ್ಕಿ ಉಂಡವರಿಗೆ ಏನಾಯಿತು? ಜಾವಾದಲ್ಲಿದ್ದ ಡಚ್ ವೈದ್ಯ ಐಕ್‌ಮನ್ ಹತ್ತೊಂಬತ್ತನೇ ಶತಮಾನದ ಕೊನೆಗೇ ನೋಡಿದ್ದ. ಬರೀ ಪಾಲಿಶ್ ಅಕ್ಕಿ ತಿಂದ ಕೋಳಿಗಳು ಕಾಲು ಸೋತು ಬಿದ್ದವು, ತೌಡು ಕೊಟ್ಟರೆ ಎದ್ದವು. 1929ರಲ್ಲಿ ಅವನಿಗೆ ನೊಬೆಲ್ ಬಂತು. ನಮಗೆ ಡಬಲ್ ಪಾಲಿಶ್ ಬಂತು.

ಕತೆ ಮುಗಿಯಲಿಲ್ಲ. ಸತ್ವ ಹೋಯಿತೆಂದು ಸರ್ಕಾರಕ್ಕೆ ಚಿಂತೆ ಹತ್ತಿತು. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ, ಯಂತ್ರದಲ್ಲಿ ಒತ್ತಿ, ಅಕ್ಕಿಯಂತೆಯೇ ಕಾಣುವ ಕಾಳು ಮಾಡಿ, ನೂರಕ್ಕೊಂದರಂತೆ ರೇಷನ್ ಅಕ್ಕಿಯಲ್ಲಿ ಸೇರಿಸಿದರು. ಜನ ಅದನ್ನು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಆರಿಸಿ ಬಿಸಾಕಿದರು. ಪ್ಲಾಸ್ಟಿಕ್ ಅಲ್ಲ ಅಮ್ಮಾ, ಅದರಲ್ಲೇ ಶಕ್ತಿ ಇರೋದು ಎಂದು ನಾನು ಹೇಳಿ ಹೇಳಿ ಸೋತಿದ್ದೇನೆ. ಅವಳು ಮೊರ ಬಿಟ್ಟುಕೊಟ್ಟಿಲ್ಲ.

ನಗಬೇಡಿ, ಸಿನಿಮಾದಲ್ಲೂ ಇದನ್ನೇ ಮಾಡಿದ್ದಾರೆ. ಗ್ರೇನ್ ಚೌಕಟ್ಟಿನಿಂದ ಚೌಕಟ್ಟಿಗೆ ಬದಲಾಗುವುದರಿಂದ ಇಂಟರ್ನೆಟ್ಟಿನಲ್ಲಿ ಕುಗ್ಗಿಸಿ ಕಳಿಸುವುದು ಕಷ್ಟ. 4ಕೆ ಡಿಸ್ಕಿನಲ್ಲಿ ಸೆಕೆಂಡಿಗೆ ನೂರು ಮೆಗಾಬಿಟ್ ದಾಟಲು ಜಾಗವಿದೆ, ಸ್ಟ್ರೀಮಿಂಗಿನವರು ಹದಿನೈದಿಪ್ಪತ್ತರಲ್ಲಿ ಸಂಸಾರ ತೂಗಿಸಬೇಕು. ಹಾಗಾಗಿ 2018ರಲ್ಲಿ ಬಂದ ಎವಿ1 ಎಂಬ ಕೋಡೆಕ್‌ನಲ್ಲಿ, ಅಂದರೆ ವಿಡಿಯೊ ಕುಗ್ಗಿಸಿ ಕಳಿಸುವ ವಿಧಾನದಲ್ಲಿ, ಒಂದು ಉಪಾಯವಿದೆ. ಕಳಿಸುವಾಗ ಅಸಲಿ ಗ್ರೇನ್ ಕಿತ್ತುಬಿಡುವುದು, ಅದು ಹೇಗಿತ್ತು ಎಂಬ ಒಂದು ಚೀಟಿ ಜೊತೆಗಿಡುವುದು, ನಿಮ್ಮ ಮನೆಯ ಟಿ.ವಿ. ಆ ಚೀಟಿ ಓದಿ ಅಂಥದೇ ನಕಲಿ ಗ್ರೇನ್ ಉದುರಿಸುವುದು. ತೌಡು ತೆಗೆ, ಫೋರ್ಟಿಫೈಡ್ ಕಾಳು ಬೆರೆಸು. ನಿಜ ಹೇಳಬೇಕೆಂದರೆ ಉಪಾಯ ಜಾಣತನದ್ದೇ, ಮೇಣದ ಮುಖಕ್ಕಿಂತ ಎಷ್ಟೋ ವಾಸಿ. ಆದರೂ ಮಿಲ್ಲಿನ ಊರಿನವನು ನಾನು, ನಗು ತಡೆಯಲಾಗಲಿಲ್ಲ.

ಇದು ಬರೀ ನಮ್ಮ ಗೋಳಲ್ಲ. ಹಾಲಿವುಡ್ ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಅವರ ‘ಟ್ರೂ ಲೈಸ್’, ‘ಏಲಿಯನ್ಸ್’ 2024ರಲ್ಲಿ 4ಕೆ ಡಿಸ್ಕಾಗಿ ಬಂದಾಗ ಅಲ್ಲಿಯ ಜನವೂ ಬಾಯಿ ಬಡಿದುಕೊಂಡರು. ಅದಕ್ಕೆ ಕ್ಯಾಮರೂನ್, ಗ್ರೇನ್ ವಿಮರ್ಶೆ ಮಾಡುವವರು ಮೊದಲು ಅಮ್ಮನ ಮನೆಯ ನೆಲಮಾಳಿಗೆಯಿಂದ ಹೊರಗೆ ಬರಲಿ ಎಂಬರ್ಥದಲ್ಲಿ ಮಾತಾಡಿದರು. ಗಂಗಾವತಿಯ ನಮ್ಮ ಮನೆಗೆ ನೆಲಮಾಳಿಗೆ ಇಲ್ಲ ಸ್ವಾಮಿ. ನಾನು ಅಮ್ಮನ ಜೊತೆ ಪಡಸಾಲೆಯಲ್ಲೇ ಕೂತಿದ್ದೆ. ತಕರಾರು ತೆಗೆದದ್ದೂ ಅಮ್ಮನೇ.

ಟಿ.ವಿ.ಯದ್ದು ಬೇರೆಯೇ ಪುರಾಣ. ಅಂಗಡಿಯವರು ಬಣ್ಣ ಕಣ್ಣಿಗೆ ಹೊಡೆಯುವ ‘ವಿವಿಡ್’ ಮೋಡ್‌ನಲ್ಲಿ ಇಟ್ಟುಕೊಟ್ಟಿದ್ದರು. ಅದರಲ್ಲಿ ಸ್ಮೂತ್ ಮೋಶನ್ ಎಂಬುದೊಂದು ಸೇರಿಕೊಂಡಿರುತ್ತದೆ. 24 ಚೌಕಟ್ಟಿನ ನಡುವೆ ತಾನೇ ಹೊಸ ಚೌಕಟ್ಟು ಹುಟ್ಟಿಸಿ ತುಂಬುತ್ತದೆ. ಆಗ ಎಂಥ ಮಹಾಕಾವ್ಯವೂ ಮಧ್ಯಾಹ್ನದ ಧಾರಾವಾಹಿಯಾಗುತ್ತದೆ. ಟಾಮ್ ಕ್ರೂಸ್‌ರಂಥ ಟಾಮ್ ಕ್ರೂಸೇ 2018ರಲ್ಲಿ ಅದನ್ನು ಆಫ್ ಮಾಡಿ ಎಂದು ವಿಡಿಯೊ ಮಾಡಿ ಜನರನ್ನು ಬೇಡಿಕೊಂಡರು. ವಿಮಾನಕ್ಕೆ ಜೋತುಬೀಳುವ ಮನುಷ್ಯನಿಗೂ ಟಿ.ವಿ. ಮೆನು ಸುಲಭಕ್ಕೆ ಬಗ್ಗಲಿಲ್ಲ ನೋಡಿ.

ನನಗೆ ಸಿಟ್ಟು ಬಂದದ್ದು ಇದಕ್ಕೂ ಅಲ್ಲ. ಚಿತ್ರ ಮುಗಿದ ಮೇಲೆ ಒಂದು ಕಾರ್ಡು ಬಂತು, ‘ಮುಂದಿನ ಪೀಳಿಗೆಗಾಗಿ ಸಂರಕ್ಷಿಸಲಾಗಿದೆ’ ಎಂದು. ಏನನ್ನು ಸಂರಕ್ಷಿಸಿದಿರಿ? ಕನ್ನಡದ ಮೊದಲ ವಾಕ್ಚಿತ್ರ 1934ರ ‘ಸತಿ ಸುಲೋಚನಾ’. ಅದರ ಪ್ರಿಂಟು ಇಲ್ಲ. ಮೊದಲ ಮಾತೇ ನಮ್ಮ ಬಳಿ ಉಳಿದಿಲ್ಲ. ಅದರ ನಂತರದ ಎಷ್ಟೋ ಚಿತ್ರಗಳ ನೆಗೆಟಿವ್‌ಗಳು ಡಬ್ಬಿಗಳಲ್ಲೇ ಹುಳಿ ವಾಸನೆ ಬಂದು ಸುರುಟಿಕೊಂಡವು. ಉಳಿದವಕ್ಕೆ ತಣ್ಣನೆಯ ಒಂದು ಕೋಣೆ, ನಿಯತ್ತಿನ ಒಂದು ಸ್ಕ್ಯಾನರ್ ಬೇಕು. ಅದಕ್ಕೆ ದುಡ್ಡಿಲ್ಲ ಎನ್ನುತ್ತಾರೆ. ಇದ್ದುದರ ಚರ್ಮ ಸುಲಿದು ಅದರ ಮೇಲೆ ಸಂರಕ್ಷಣೆ ಎಂದು ಬರೆಯಲು ದುಡ್ಡಿದೆ. ಛಾಯಾಗ್ರಾಹಕ ಬಿಸಿಲಿಗೆ ಕಾದು, ಲೈಟು ಸರಿಸಿ ಸರಿಸಿ ಆ ಕೆನ್ನೆಯ ಮೇಲೆ ನೆರಳು ತಂದಿದ್ದ. ಅವನನ್ನು ಕೇಳಿದಿರಾ? ಹೆಚ್ಚಿನವರು ತೀರಿಕೊಂಡಿದ್ದಾರೆ, ಕೇಳುವ ಹಾಗೂ ಇಲ್ಲ, ಅದೇ ಅನುಕೂಲ. ಇದೇ ಮೇಣದ ಮುಖವನ್ನು ನಾಳೆ ಮಕ್ಕಳು ಅಸಲಿ ಎಂದು ನೋಡುತ್ತಾರೆ. ಅವರಿಗೆ ಹೋಲಿಸಿ ನೋಡಲು ಬೇರೆ ಇನ್ನೇನೂ ಸಿಗುವುದಿಲ್ಲ.

ಕೊಪಣದ, ಅಂದರೆ ನಮ್ಮ ಕೊಪ್ಪಳದ, ಸುತ್ತಿನ ಸೀಮೆಯನ್ನು ಹಿಂದಿನವರು ಕನ್ನಡದ ತಿರುಳು ಎಂದು ಕರೆದರು. ಆ ಸೀಮೆಯಲ್ಲಿ ಕೂತು ತಿರುಳು ತೆಗೆದ ಪಿಚ್ಚರ್ ನೋಡುವ ಭಾಗ್ಯ ನಮ್ಮದು. ಯಾರಿಗೆ ಬರೆಯಬೇಕು, ಯಾರನ್ನು ಬೈಯಬೇಕು, ಒಂದೂ ತಿಳಿಯದೆ ನಾನೂ ಇಲ್ಲಿ ತೌಡು ಕುಟ್ಟುತ್ತಿದ್ದೇನೆ.

ರಾತ್ರಿ ಅರ್ಧ ಗಂಟೆ ಕೂತು ಟಿ.ವಿ.ಯ ಮೆನುವಿನೊಳಗೆ ಇಳಿದು, ನಾಯ್ಸ್ ರಿಡಕ್ಷನ್ ಆಫ್ ಮಾಡಿ, ಶಾರ್ಪ್‌ನೆಸ್ ಇಳಿಸಿ, ಚಿತ್ರವನ್ನು ಹೆಚ್ಚು ತಿದ್ದದೆ ತೋರಿಸುವ ‘ಫಿಲ್ಮ್‌ಮೇಕರ್ ಮೋಡ್’ಗೆ ತಂದೆ. ಒಬ್ಬ ಪುಣ್ಯಾತ್ಮ ಹಳೇ ಟೇಪಿನಿಂದ ಇಳಿಸಿಟ್ಟಿದ್ದ ಅದೇ ಚಿತ್ರದ ಮಂಕು ಪ್ರತಿ ಹುಡುಕಿ ಹಾಕಿದೆ. ಗೀರು, ಮಸುಕು, ಹಾಡಿನ ನಡುವೆ ಕರಕರ. ಅಮ್ಮ ಅರ್ಧ ತಾಸು ಅಲ್ಲಾಡದೆ ನೋಡಿದಳು, ಒಂದು ಕಡೆ ಸೆರಗಿನಿಂದ ಕಣ್ಣೊರೆಸಿದಳು. ಬೆಳಿಗ್ಗೆ ಎದ್ದು ನೋಡಿದರೆ ಟಿ.ವಿ. ಮತ್ತೆ ‘ವಿವಿಡ್’ನಲ್ಲಿತ್ತು. ಮೊಮ್ಮಗ ಬದಲಾಯಿಸಿದ್ದನಂತೆ.

“ಕ್ರಿಕೆಟ್ ಇದರಾಗ ಚಲೋ ಕಾಣ್ತತಿ, ಇರ್ಲಿ ಬಿಡು” ಎಂದಳು ಅಮ್ಮ, ಮೊರದಲ್ಲಿ ಅಕ್ಕಿ ಹಸನು ಮಾಡುತ್ತ.