ಬಟ್ಟೆ ಹರಿದ ಮೇಲೆ

ಪ್ರಶ್ನೆ ಇದು: ಸೂಪರ್‌ಹೀರೋ ಸಿನಿಮಾವನ್ನು ಒಳ್ಳೆಯ ಸಿನಿಮಾಗಳ ಸಾಲಿನಲ್ಲಿ ಕೂರಿಸಬಹುದೇ? ಹಬ್ಬಕ್ಕೆ ಊರಿನಲ್ಲಿ ಸೇರಿದಾಗಲೆಲ್ಲ ನಮ್ಮ ಮನೆಯಲ್ಲಿ ಎದ್ದು ಬರುವ ಈ ವಾದದ ಎರಡು ಕಡೆಯವರೂ ತಮ್ಮ ಮಾತನ್ನು ಬರೆದಿದ್ದಾರೆ. ಪರವಾಗಿ ಮೈಸೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಅಣ್ಣನ ಮಗಳು. ವಿರೋಧವಾಗಿ ಮಂಡ್ಯ ಜಿಲ್ಲೆಯ ಮಳವಳ್ಳಿ ಕಡೆ ಬೇಸಾಯ ಮಾಡುವ ಚಿಕ್ಕಪ್ಪ.

ಪರ

ನನ್ನ ಅಂಗಡಿ ಇರುವುದು ಅಗ್ರಹಾರದಲ್ಲಿ. ರವಿಕೆ, ಚೂಡಿದಾರ್, ಶಾಲೆ ಯೂನಿಫಾರಂ, ಇವೇ ನನ್ನ ಅನ್ನ. ಶಾಲೆಗಳಲ್ಲಿ ವೇಷಭೂಷಣ ಸ್ಪರ್ಧೆ ಶುರುವಾಯಿತೆಂದರೆ ಮಾತ್ರ ಬೇರೆ ಕೆಲಸ ಬರುತ್ತದೆ. ಮೊದಲು ಬರೀ ಒನಕೆ ಓಬವ್ವ, ಕಿತ್ತೂರು ಚೆನ್ನಮ್ಮ, ಕೃಷ್ಣ ಹೊಲಿಯುತ್ತಿದ್ದೆ. ಈಗ ಅವರ ಪಕ್ಕದಲ್ಲೇ ಕೆಂಪು-ನೀಲಿ ಸ್ಪೈಡರ್‌ಮ್ಯಾನ್ ಕೂಡ ಹ್ಯಾಂಗರಿನಲ್ಲಿ ತೂಗಾಡುತ್ತಾನೆ. ಆ ವೇಷಕ್ಕೆ ಬೇಕಾದ, ಎಳೆದರೆ ಹಿಗ್ಗುವ ಲೈಕ್ರಾ ಬಟ್ಟೆ ಸುಲಭಕ್ಕೆ ಮಾತು ಕೇಳುವುದಿಲ್ಲ. ಮಾಮೂಲಿ ಸೂಜಿ ಹಾಕಿದರೆ ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತದೆ. ಮೊಂಡು ತುದಿಯ ಸೂಜಿ ಬೇಕು, ಜಿಗ್‌ಜಾಗ್ ಹೊಲಿಗೆ ಬೇಕು. ಇಲ್ಲದಿದ್ದರೆ ಮಗು ವೇದಿಕೆಯ ಮೇಲೆ ಕೈ ಎತ್ತಿದ ಕೂಡಲೇ ಕಂಕುಳಲ್ಲಿ ಪರ್ರನೆ ಬಿಟ್ಟುಕೊಳ್ಳುತ್ತದೆ.

ಹಾಗಾಗಿ ಇಂಥ ಸಿನಿಮಾ ನೋಡುವಾಗ ನನ್ನ ಕಣ್ಣು ಮೊದಲು ಹೋಗುವುದು ಬಟ್ಟೆಗೆ. ಇಷ್ಟು ವರ್ಷ ನೋಡಿ ನನಗೆ ಒಂದು ವಿಷಯ ಖಾತ್ರಿಯಾಗಿದೆ. ನಾಯಕನ ಬಟ್ಟೆ ಹರಿಯುವ ಸಿನಿಮಾಗಳೇ ಈ ಜಾತಿಯಲ್ಲಿ ಒಳ್ಳೆಯವು. ಕೊನೆಯವರೆಗೂ ಇಸ್ತ್ರಿ ಕೆಡದೆ ಹಾರಾಡುವವನ ಕಥೆ ನಾವು ಮನೆ ಸೇರುವಷ್ಟರಲ್ಲಿ ಮರೆತುಹೋಗಿರುತ್ತದೆ.

2004ರಲ್ಲಿ ಬಂದ ಎರಡನೆಯ ಸ್ಪೈಡರ್‌ಮ್ಯಾನ್ ಅನ್ನು ನನಗೆ ತೋರಿಸಿದವರು ಚಿಕ್ಕಪ್ಪನೇ. ಆಗ ನಾನು ಎಂಟನೇ ಕ್ಲಾಸು, ಇಂಗ್ಲಿಷು ಅರ್ಧ ಅರ್ಧ. ಆದರೂ ಪೀಟರ್ ಪಾರ್ಕರ್ ಎಂಬ ಆ ಹುಡುಗನ ಪಾಡು ಪೂರ್ತಿ ಅರ್ಥವಾಯಿತು. ಪಿಜ್ಜಾ ಹೊತ್ತು ಮೀರಿ ಮುಟ್ಟಿಸಿದ್ದಕ್ಕೆ ಕೆಲಸ ಹೋಗುತ್ತದೆ. ಬಾಗಿಲು ತೆಗೆದರೆ ಸಾಕು, ಮನೆ ಮಾಲೀಕ ಬಾಡಿಗೆಗೆ ಕೈ ಚಾಚುತ್ತಾನೆ. ಬ್ಯಾಂಕಿನಲ್ಲಿ ಚಿಕ್ಕಮ್ಮನಿಗೆ ಸಾಲ ಸಿಗುವುದಿಲ್ಲ. ನನಗೆ ಇವತ್ತಿಗೂ ಇಷ್ಟವಾದ ದೃಶ್ಯ ಇನ್ನೊಂದಿದೆ: ಲೋಕ ಕಾಯುವ ಆ ವೇಷವನ್ನು ಅವನು ಉಳಿದ ಬಟ್ಟೆಯ ಜೊತೆ ಒಗೆಯಲು ಹಾಕಿ, ಬಣ್ಣ ಬಿಟ್ಟು ಬಿಳಿ ಬಟ್ಟೆಗೆಲ್ಲ ಹತ್ತಿಸಿಕೊಳ್ಳುತ್ತಾನೆ. ಹೊಸ ಕೆಂಪು ಬಟ್ಟೆಯನ್ನು ಉಪ್ಪುನೀರಿನಲ್ಲಿ ಬೇರೆಯೇ ನೆನೆಸಬೇಕೆಂದು ಹೇಳುವವರು ಅವನ ಮನೆಯಲ್ಲಿ ಯಾರೂ ಇಲ್ಲ. ಆ ಒಂದು ಕ್ಷಣದಲ್ಲಿ ಅವನು ನಮ್ಮ ಬೀದಿಯ ಹುಡುಗನಾಗಿಬಿಡುತ್ತಾನೆ.

ಆಮೇಲೆ ರೈಲು. ಬ್ರೇಕು ಮುರಿದು ಓಡುತ್ತಿರುವ ರೈಲಿನ ಮುಂದೆ ನಿಂತು, ಎರಡೂ ಕಡೆಯ ಕಟ್ಟಡಗಳಿಗೆ ಬಲೆಯ ಎಳೆ ಎಸೆದು ಹಿಡಿಯುತ್ತಾನೆ. ತೋಳಿನ ಹೊಲಿಗೆ ಬಿಡುತ್ತದೆ, ಎದೆಯ ಮೇಲೆ ಬಟ್ಟೆ ಹರಿಯುತ್ತದೆ, ಮುಖವಾಡ ಆಗಲೇ ಕಳಚಿದೆ. ರೈಲು ನಿಲ್ಲುತ್ತದೆ, ಅವನು ಪ್ರಜ್ಞೆ ತಪ್ಪಿ ಮುಂದಕ್ಕೆ ಬೀಳಬೇಕು, ಅಷ್ಟರಲ್ಲಿ ಒಳಗಿಂದ ಕೈಗಳು ಬಂದು ಹಿಡಿಯುತ್ತವೆ. ಜನ ಅವನನ್ನು ತಲೆಯ ಮೇಲೆತ್ತಿ, ಕೈಯಿಂದ ಕೈಗೆ ದಾಟಿಸುತ್ತ ಬೋಗಿಯೊಳಗೆ ತಂದು ಮಲಗಿಸುತ್ತಾರೆ. ಮುಖ ನೋಡಿದ ಒಬ್ಬ, ಇವನು ಇನ್ನೂ ಹುಡುಗ, ನನ್ನ ಮಗನಿಗಿಂತ ದೊಡ್ಡವನಲ್ಲ ಅನ್ನುತ್ತಾನೆ. ಎರಡು ಮಕ್ಕಳು ಮುಖವಾಡ ಹುಡುಕಿ ತಂದುಕೊಟ್ಟು, ಯಾರಿಗೂ ಹೇಳುವುದಿಲ್ಲ ಅನ್ನುತ್ತವೆ. ಖಳ ಮತ್ತೆ ಬಂದಾಗ ಬರಿಗೈಯಲ್ಲಿ ಅಡ್ಡ ನಿಲ್ಲುವವರೂ ಅದೇ ಪ್ರಯಾಣಿಕರು.

ಪಿಯುಸಿ ಆದ ಮೇಲೆ ಮೂರು ವರ್ಷ ನಾನು ಪಾಸು ಮಾಡಿಸಿಕೊಂಡು ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಓಡಾಡಿದೆ. ಪಾಂಡವಪುರ ದಾಟುವಷ್ಟರಲ್ಲಿ ಬೋಗಿಯಲ್ಲಿ ಕಾಲಿಡಲೂ ಜಾಗ ಇರುತ್ತಿರಲಿಲ್ಲ. ಒಂದು ಬೆಳಿಗ್ಗೆ ಬಾಗಿಲ ಹತ್ತಿರ ಒಬ್ಬ ಅಜ್ಜಿ ತಲೆ ಸುತ್ತಿ ಕುಸಿದರು. ನಡುವೆ ನಡೆದುಹೋಗಲು ದಾರಿಯಿಲ್ಲ. ನಾವು ಅಜ್ಜಿಯನ್ನು ಎತ್ತಿ, ಒಬ್ಬರಿಂದೊಬ್ಬರಿಗೆ ದಾಟಿಸಿ, ಕಿಟಕಿ ಪಕ್ಕದ ಸೀಟಿಗೆ ತಲುಪಿಸಿದೆವು. ಅಜ್ಜಿಯ ಕಾಲು ನನ್ನ ಅಂಗೈಯಲ್ಲಿತ್ತು, ಒಡೆದ ಹಿಮ್ಮಡಿ, ಬೆಳ್ಳಿಯ ಕಾಲುಂಗುರ. ಶ್ರೀರಂಗಪಟ್ಟಣದ ಸೇತುವೆ ಮೇಲೆ ಹೊಳೆಯ ಗಾಳಿ ಬಂದಾಗ ಅಜ್ಜಿ ಕಣ್ಣು ಬಿಟ್ಟರು. ನನಗೆ ಥಟ್ಟನೆ ನೆನಪಾದದ್ದು ಆ ಸಿನಿಮಾ. ಹೀಗೆ ಬದುಕಿನ ನಡುವೆ ಎದ್ದು ಬಂದು ನಿಲ್ಲುವುದನ್ನು ಒಳ್ಳೆಯ ಸಿನಿಮಾ ಅನ್ನದೆ ಇನ್ನೇನನ್ನಲಿ?

2008ರ ಬ್ಯಾಟ್‌ಮ್ಯಾನ್ ಸಿನಿಮಾ ದಿ ಡಾರ್ಕ್ ನೈಟ್ ಬಗ್ಗೆ ಎಲ್ಲರೂ ಹೇಳುವುದು ಅದರ ಖಳ ಜೋಕರ್ ವಿಷಯ. ಆ ಪಾತ್ರ ಮಾಡಿದ ಹೀತ್ ಲೆಜರ್ ಸಿನಿಮಾ ಬಿಡುಗಡೆಯಾಗುವ ಮೊದಲೇ ತೀರಿಕೊಂಡರು, ಮರುವರ್ಷ ಆಸ್ಕರ್ ಬಂತು. ನಟನೆ ಅಂಥದ್ದೇ. ಆದರೆ ನನಗೆ ಆ ಸಿನಿಮಾ ಎಂದರೆ ಎರಡು ಹಡಗುಗಳು. ಒಂದರಲ್ಲಿ ಊರಿನ ಜನ, ಇನ್ನೊಂದರಲ್ಲಿ ಕೈದಿಗಳು. ಎರಡರಲ್ಲೂ ಬಾಂಬು, ಒಬ್ಬರನ್ನು ಸಿಡಿಸುವ ಗುಂಡಿ ಇನ್ನೊಬ್ಬರ ಕೈಯಲ್ಲಿ. ಮಧ್ಯರಾತ್ರಿಯೊಳಗೆ ಯಾರೂ ಒತ್ತದಿದ್ದರೆ ಇಬ್ಬರೂ ಸಾಯಬೇಕು. ಅಲ್ಲಿ ಬ್ಯಾಟ್‌ಮ್ಯಾನ್ ಇಲ್ಲ. ಆಜಾನುಬಾಹು ಕೈದಿಯೊಬ್ಬ ಎದ್ದು ಬಂದು ಆ ಗುಂಡಿಯನ್ನು ಇಸಿದುಕೊಂಡು ಕಿಟಕಿಯಿಂದಾಚೆ ನೀರಿಗೆ ಎಸೆಯುತ್ತಾನೆ. ಅತ್ತ ಒತ್ತಿಯೇ ಬಿಡುತ್ತೇನೆಂದು ಎದ್ದ ಮರ್ಯಾದಸ್ಥನಿಗೆ ಕೈ ಬರುವುದಿಲ್ಲ. ಸೂಪರ್‌ಹೀರೋ ಸಿನಿಮಾ ಜನರನ್ನು ಕುರಿಮಂದೆ ಮಾಡುತ್ತದೆ ಎನ್ನುವ ಚಿಕ್ಕಪ್ಪನಿಗೆ ಈ ಹತ್ತು ನಿಮಿಷವನ್ನು ಇನ್ನೊಮ್ಮೆ ತೋರಿಸಬೇಕು.

ನಮ್ಮ ಪಕ್ಕದಲ್ಲೇ ಹುಟ್ಟಿದ್ದು ಬೇಕೆಂದರೆ ಮಲಯಾಳದ ಮಿನ್ನಲ್ ಮುರಳಿ ಇದೆ. 2021ರ ಕ್ರಿಸ್‌ಮಸ್ ಹೊತ್ತಿಗೆ ಬಂತು, ನಿರ್ದೇಶಕ ಬೇಸಿಲ್ ಜೋಸೆಫ್. ಅದರ ನಾಯಕ ಜೈಸನ್ ದರ್ಜಿ, ನನ್ನ ಕಸುಬಿನವನು. ಟೇಪು ಕುತ್ತಿಗೆಗೆ ಹಾಕಿಕೊಂಡವನಿಗೂ ಸಿಡಿಲು ಬಡಿದು ಶಕ್ತಿ ಬರಬಹುದೆಂದು ಯಾರೋ ಒಬ್ಬರಿಗೆ ತೋಚಿತಲ್ಲ ಎಂದು ನಾನು ಖುಷಿಪಟ್ಟೆ. ಆದರೆ ಕಣ್ಣಲ್ಲಿ ನೀರು ತರಿಸಿದವನು ಖಳನಾಯಕ ಶಿಬು. ಅದೇ ದಿನ ಅವನಿಗೂ ಸಿಡಿಲು ಬಡಿದಿರುತ್ತದೆ. ಚಹದಂಗಡಿಯಲ್ಲಿ ದುಡಿಯುವ, ಊರೆಲ್ಲ ಹುಚ್ಚನೆಂದು ಅಣಕಿಸುವ ಮನುಷ್ಯ. ಒಬ್ಬಳಿಗಾಗಿ ವರ್ಷಗಟ್ಟಲೆ ಕಾದಿದ್ದಾನೆ. ಅವಳು ಕೊನೆಗೂ ಒಪ್ಪಿದಾಗ ಶಿಬು ಪಾತ್ರ ಮಾಡಿದ ಗುರು ಸೋಮಸುಂದರಂ ಅವರ ಮುಖ ಅಳುತ್ತಿದೆಯೋ ನಗುತ್ತಿದೆಯೋ ಹೇಳಲಾಗುವುದಿಲ್ಲ. ಶಿಬುವಿನ ಮನೆಗೆ ಊರವರು ಬೆಂಕಿ ಇಟ್ಟ ಮೇಲೆ ಅವನು ರಾಕ್ಷಸನಾಗುತ್ತಾನೆ. ಒಂದೇ ಸಿಡಿಲು, ಇಬ್ಬರು ಮನುಷ್ಯರು. ಒಬ್ಬನಿಗೆ ಅಪ್ಪುವ ಮನೆಯಿತ್ತು, ಇನ್ನೊಬ್ಬನಿಗೆ ಇರಲಿಲ್ಲ. ಶಕ್ತಿಯ ಕಥೆ ಹೇಳುತ್ತಲೇ ಊರು ಒಬ್ಬನನ್ನು ಹೇಗೆ ಕೆಡಿಸುತ್ತದೆ ಎಂದು ಹೇಳಿದ ಈ ಸಿನಿಮಾವನ್ನು ನಾನು ನಾಲ್ಕು ಸಲ ನೋಡಿದ್ದೇನೆ.

2017ರ ಲೋಗನ್ ಕೂಡ ನನ್ನ ಪಟ್ಟಿಯಲ್ಲಿದೆ. ಗಾಯ ತಾನಾಗಿ ಮಾಯುತ್ತಿದ್ದ ಮನುಷ್ಯನಿಗೆ ವಯಸ್ಸಾಗಿ, ಈಗ ಗಾಯ ಮಾಯುತ್ತಿಲ್ಲ. ಅವನೇ ಕುಂಟುತ್ತ ಇನ್ನೊಬ್ಬ ಮುದುಕರನ್ನು ಎತ್ತಿ ಮಲಗಿಸಿ ಮಾತ್ರೆ ಕೊಡುತ್ತಾನೆ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಂಡವರು ಇದನ್ನು ನೋಡಿದರೆ ಸಾಕು, ನಾನು ವಿವರಿಸಬೇಕಿಲ್ಲ.

ಕೆಟ್ಟವು ಬಹಳ ಇವೆ, ಒಪ್ಪುತ್ತೇನೆ. ಕೊನೆಯ ಅರ್ಧ ಗಂಟೆ ಬರೀ ಕಟ್ಟಡ ಉರುಳಿಸುವ ಸಿನಿಮಾಗಳು ನನಗೂ ಬೇಸರ. ಮಾರ್ಟಿನ್ ಸ್ಕಾರ್ಸೆಸಿಯಂಥ ದೊಡ್ಡ ನಿರ್ದೇಶಕರು 2019ರಲ್ಲಿ ಮಾರ್ವೆಲ್ ಕಂಪನಿಯ ಸೂಪರ್‌ಹೀರೋ ಸಿನಿಮಾಗಳನ್ನು ಮನರಂಜನಾ ಪಾರ್ಕಿಗೆ ಹೋಲಿಸಿದ್ದು ಇವನ್ನು ನೋಡಿಯೇ ಇರಬೇಕು. ಆದರೆ ಕೆಟ್ಟ ಹೊಲಿಗೆ ನೋಡಿ ರವಿಕೆಯೇ ಬೇಡ ಅನ್ನುವವರುಂಟೇ? ಮೊನ್ನೆ ಅಳತೆ ಕೊಡಲು ಬಂದ ಆರು ವರ್ಷದ ಹುಡುಗನೊಬ್ಬ, ‘ಆಂಟಿ, ಮುಖವಾಡ ತೆಗೆಯೋಕೆ ಬರೋ ಹಾಗೆ ಹೊಲೀರಿ, ಅಮ್ಮಂಗೆ ನಾನೇ ಅಂತ ಗೊತ್ತಾಗಬೇಕು’ ಅಂದ. ಅವನಿಗೆ ಕತ್ತಿನ ಹಿಂದೆ ಎರಡು ಟಿಚ್ ಬಟನ್ ಇಟ್ಟುಕೊಟ್ಟೆ.

ವಿರೋಧ

ಮಗಳು ಚೆನ್ನಾಗಿ ಬರೆದಿದ್ದಾಳೆ. ರೈಲಿನ ಅಜ್ಜಿಯ ವಿಷಯ ನನಗೇ ಗೊತ್ತಿರಲಿಲ್ಲ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ ಸಿನಿಮಾಕ್ಕೆ ನಾನೇ ಕರೆದುಕೊಂಡು ಹೋದದ್ದೂ ನಿಜ, ರೈಲಿನ ದೃಶ್ಯದಲ್ಲಿ ನನಗೂ ಗಂಟಲು ಕಟ್ಟಿದ್ದು ನಿಜ. ಆದರೆ ನೋಡವ್ವ, ನೀನು ಹೊಗಳಿದ ದೃಶ್ಯಗಳನ್ನು ಒಂದು ಕಡೆ ಇಟ್ಟು ನೋಡು. ಹಿಡಿದುಕೊಂಡ ಕೈಗಳು, ಗುಂಡಿ ಎಸೆದ ಕೈದಿ, ಮಾತ್ರೆ ಕೊಡುವ ಮುದುಕ. ಎಲ್ಲವೂ ಸೂಪರ್‌ಹೀರೋ ಇಲ್ಲದ, ಇಲ್ಲವೇ ಅವನ ಶಕ್ತಿ ಮುಗಿದ ಗಳಿಗೆಗಳು. ಎರಡು ಗಂಟೆ ಹಾರಾಟದಲ್ಲಿ ಐದು ನಿಮಿಷ ನೆಲಕ್ಕೆ ಇಳಿದದ್ದನ್ನು ನೀನು ಮೆಚ್ಚಿದ್ದೀಯ. ನಾನು ಕೇಳುವುದು ಇಷ್ಟೇ, ಆ ಐದು ನಿಮಿಷಕ್ಕೆ ಹಾರಾಟ ಯಾಕೆ ಬೇಕಿತ್ತು?

ನನ್ನ ಮೊದಲ ತಕರಾರು ಸಾವಿನದು. 1978ರ ಸೂಪರ್‌ಮ್ಯಾನ್ ಅನ್ನು ನಾನು ಬಹಳ ಆಸೆಯಿಂದ ನೋಡಿದವನು. ಸಾಕಿದ ತಂದೆ ಎದೆನೋವಿನಿಂದ ಹೊಲದ ಮನೆಯ ಮುಂದೆ ಕುಸಿದು ಬೀಳುತ್ತಾನೆ. ಇಷ್ಟೆಲ್ಲ ಶಕ್ತಿಯಿದ್ದೂ ಅಪ್ಪನನ್ನು ಉಳಿಸಿಕೊಳ್ಳಲಾಗಲಿಲ್ಲ ಎಂದು ಹುಡುಗ ಸಂಕಟಪಡುತ್ತಾನೆ. ಅಲ್ಲಿ ಕಥೆಗೆ ತೂಕವಿತ್ತು. ಕೊನೆಗೆ ಪ್ರೀತಿಸಿದವಳು ಸತ್ತಾಗ ಏನು ಮಾಡುತ್ತಾನೆ? ಭೂಮಿಯ ಸುತ್ತ ಹಾರಿ ಕಾಲವನ್ನೇ ಹಿಂದಕ್ಕೆ ತಿರುಗಿಸಿ ಬದುಕಿಸಿಕೊಳ್ಳುತ್ತಾನೆ. ಹಾಗಾದರೆ ಅಪ್ಪನ ಸಾವಿಗೆ ಏನು ಬೆಲೆ ಬಂತು? ನಲವತ್ತು ವರ್ಷ ಆದಮೇಲೆ, 2019ರ ಮಾರ್ವೆಲ್ ಸಿನಿಮಾ ಎಂಡ್‌ಗೇಮ್‌ನಲ್ಲೂ ಅದೇ ಉಪಾಯ: ಹಿಂದಕ್ಕೆ ಹೋಗು, ಕಲ್ಲು ತಂದುಕೋ, ಹೋದವರನ್ನು ಕರೆಸಿಕೋ. ನಿಮ್ಮ ಅಜ್ಜಿ ಹೋದಾಗ ಈ ಮನೆಯಲ್ಲಿ ಹನ್ನೊಂದು ದಿನ ಹೇಗಿತ್ತೆಂದು ನಿನಗೆ ಗೊತ್ತು. ಹಿಂದಕ್ಕೆ ತಿರುಗದ ಕಾಲದ ಜೊತೆ ಬದುಕುವುದನ್ನು ಹೇಳಬೇಕಾದದ್ದು ಕಥೆಯ ಕೆಲಸ. ಲೋಗನ್ ಸಾಯುತ್ತಾನೆ, ಒಪ್ಪಿದೆ. ಅಂಥವು ಎಷ್ಟಿವೆ ಹೇಳು.

ಎರಡನೆಯದು ಹಕ್ಕಿನ ವಿಷಯ, ಇದು ನನಗೆ ಹೆಚ್ಚು ನೋವಿನದು. ಸೂಪರ್‌ಮ್ಯಾನ್ ಅನ್ನು ಹುಟ್ಟಿಸಿದವರು ಕ್ಲೀವ್‌ಲ್ಯಾಂಡಿನ ಇಬ್ಬರು ಹುಡುಗರು, ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್. 1938ರಲ್ಲಿ ಆ ಪಾತ್ರದ ಹಕ್ಕನ್ನೆಲ್ಲ 130 ಡಾಲರಿಗೆ ಬರೆದುಕೊಟ್ಟರು. ಕೋರ್ಟು ಕಚೇರಿ ಅಲೆದರು. ದೊಡ್ಡ ಸಿನಿಮಾ ಬರುತ್ತದೆ ಎನ್ನುವ ಹೊತ್ತಿಗೆ, 1975ರಲ್ಲಿ, ಕಂಪನಿ ವರ್ಷಕ್ಕೆ ಇಷ್ಟು ಎಂದು ಪಿಂಚಣಿ ಗೊತ್ತುಮಾಡಿ ಹೆಸರು ಹಾಕಲು ಒಪ್ಪಿತು. ಅಷ್ಟರಲ್ಲಿ ಇಬ್ಬರೂ ಅರವತ್ತು ದಾಟಿದ್ದರು. ಕಬ್ಬು ಬೆಳೆದವನಿಗೆ ಬಾಕಿ ಬರುವ ಹೊತ್ತಿಗೆ ಹೊಲವೇ ಅಡವಾಗಿರುವುದನ್ನು ಕಂಡ ನನಗೆ ಇದು ಪರದೇಶದ ಕಥೆ ಅನ್ನಿಸುವುದಿಲ್ಲ. ದುರ್ಬಲರನ್ನು ಕಾಯುವವನ ಕಥೆ ಬರೆದವರನ್ನೇ ಯಾರೂ ಕಾಯಲಿಲ್ಲ.

ಕಂಪನಿಯ ಸ್ವತ್ತಾದ ಪಾತ್ರಕ್ಕೆ ಮುಗಿಯುವ ಹಕ್ಕೂ ಇಲ್ಲ. ಮಾರ್ವೆಲ್ ಸರಣಿ 2008ರಲ್ಲಿ ಐರನ್ ಮ್ಯಾನ್‌ನಿಂದ ಶುರುವಾಯಿತು. ಎಂಡ್‌ಗೇಮ್ 22ನೆಯದು. 2025ರ ಹೊತ್ತಿಗೆ 37 ಆಗಿವೆ. ಒಂದು ನೋಡಿದರೆ ಇನ್ನೊಂದು ನೋಡಲೇಬೇಕು, ಹೆಸರುಗಳ ಪಟ್ಟಿ ಓಡಿ ಮುಗಿದ ಮೇಲೂ ಕಾದು ಕೂತು ಮುಂದಿನದರ ತುಣುಕು ನೋಡಬೇಕು. ಕಥೆ ಎಂದರೆ ಎದ್ದು ಮನೆಗೆ ಹೋಗಲು ಬಿಡಬೇಕು.

ನಮ್ಮ ಕಡೆ ಕಬ್ಬಿಣದ ಕಥೆ ಒಂದಿದೆ. ಹಲಗೂರು ನಮ್ಮ ತಾಲ್ಲೂಕೇ. ಧರೆಗೆ ದೊಡ್ಡವರಾದ ಮಂಟೇಸ್ವಾಮಿ ತಮ್ಮ ಶಿಶುಮಗ ಸಿದ್ದಪ್ಪಾಜಿಯನ್ನು ಕಬ್ಬಿಣದ ಕೆಲಸ ಮಾಡುವ ಹಲಗೂರು ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾರೆ. ಕಬ್ಬಿಣ ತೊಟ್ಟು ಬಾ ಅನ್ನುವುದಿಲ್ಲ, ಬೇಡಿಕೊಂಡು ಬಾ ಅನ್ನುತ್ತಾರೆ. ಪಾಂಚಾಳರು ಕೊಡದೆ ಒಂದಾದ ಮೇಲೊಂದು ಪವಾಡಕ್ಕೆ ಒಡ್ಡುತ್ತಾರೆ. ಇಲ್ಲೂ ಶಕ್ತಿ ಇದೆ, ಮಗಳೇ, ಪವಾಡ ಇದೆ, ನಾನು ಇಲ್ಲವೆನ್ನುವುದಿಲ್ಲ. ಆದರೆ ಅದು ಜೋಳಿಗೆ ಹಿಡಿದು ಮನೆ ಮುಂದೆ ನಿಂತವನ ಶಕ್ತಿ. ಈ ಕಥೆ ಹಾಡುವ ನೀಲಗಾರರು ತಂಬೂರಿ ಮೀಟುತ್ತ ಇಡೀ ರಾತ್ರಿ ಹಾಡುವಾಗ ಕೇಳುವವರು ಮೊಳ ದೂರದಲ್ಲಿರುತ್ತಾರೆ. ನಿದ್ದೆ ಬಂದವರನ್ನು ಹಾಡುವವನೇ ಹೆಸರು ಕೂಗಿ ಎಬ್ಬಿಸುತ್ತಾನೆ, ಅಜ್ಜಿಯರು ನಡುವೆ ಸೊಲ್ಲು ಸೇರಿಸುತ್ತಾರೆ. ಈ ಕಥೆಯನ್ನು ಯಾರೂ ಯಾರಿಗೂ ಮಾರಿಲ್ಲ. ಇಂಥ ಕಥೆ ಕೇಳಿ ಬೆಳೆದ ಕಿವಿಗೆ ಆ ಸಿನಿಮಾಗಳ ಸದ್ದು ದೊಡ್ಡದು, ಆದರೆ ತೆಳು.

ಇನ್ನು ‘ಕುರಿಮಂದೆ’ ಮಾತಿಗೆ ಬರುತ್ತೇನೆ, ಅದನ್ನು ಆಡಿದವನು ನಾನೇ. ನಮ್ಮ ಜಮೀನು ನಾಲೆಯ ಕೊನೆ ಭಾಗದಲ್ಲಿದೆ. 2023ರಲ್ಲಿ ಮಳೆ ಕೈಕೊಟ್ಟು ಕೆಆರ್‌ಎಸ್‌ನಲ್ಲಿ ನೀರು ತುಂಬಿದ ಮಟ್ಟವಾದ 124.80 ಅಡಿ ಮುಟ್ಟಲೇ ಇಲ್ಲ. ನೀರು ಬಿಟ್ಟರೂ ಕಟ್ಟು ಪದ್ಧತಿ, ಇಷ್ಟು ದಿನ ಹರಿಸುವುದು, ಇಷ್ಟು ದಿನ ನಿಲ್ಲಿಸುವುದು. ಮೇಲಿನವರು ತೂಬು ಎತ್ತಿಕೊಂಡರೆ ನಮ್ಮಲ್ಲಿಗೆ ಬರುವುದು ಬರೀ ತೇವ. ಆಗ ಊರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಯಾರಾದರೂ ಒಬ್ಬ ಗಂಡಸು ಬರಬೇಕು, ಒಬ್ಬ ಲೀಡರು ಬರಬೇಕು, ಬಂದು ಸರಿಮಾಡಬೇಕು. ನಮ್ಮ ಸಿನಿಮಾಗಳೆಲ್ಲ, ಸೂಪರ್‌ಹೀರೋ ಆಗಲಿ ನಮ್ಮದೇ ಮಾಸ್ ಹೀರೋ ಆಗಲಿ, ನಮ್ಮ ಬಾಯಿಗೆ ಹಾಕಿಕೊಟ್ಟ ಮಾತು ಅದು. ಹದಿನೈದು ದಿನ ಹೀಗೆ ದಾರಿ ನೋಡುತ್ತಲೇ ಕಳೆದೆವು, ನಾಟಿ ಮಾಡಿದ ಪೈರು ಕೆಂಪಗಾಯಿತು.

ಕೊನೆಗೆ ಮೂರು ಊರಿನವರು ಕೂತು ಮಾತಾಡಿ, ನಾಲೆಯ ನೀರು ನೋಡಿಕೊಳ್ಳುವ ಸೌಡಿಯನ್ನೂ ಕರೆದು, ಪಾಳಿ ಹಾಕಿಕೊಂಡೆವು. ಒಂದೊಂದು ತೂಬಿನ ಹತ್ತಿರ ರಾತ್ರಿಗೆ ನಾಲ್ಕು ಜನ, ಮೇಲಿನ ಊರಿನವರು ಇಬ್ಬರು, ಕೆಳಗಿನವರು ಇಬ್ಬರು. ಜೊಂಡು ಕಿತ್ತೆವು, ಹೂಳು ಎತ್ತಿದೆವು. ಹೆಂಗಸರು ಮುದ್ದೆ, ಬಸ್ಸಾರು ತಂದು ನಾಲೆಯ ಏರಿ ಮೇಲೇ ಬಡಿಸಿದರು. ಜಗಳ ಆಗಲಿಲ್ಲವೆಂದಲ್ಲ, ಎರಡು ಸಲ ಗುದ್ದಲಿ ಕಾವು ಎತ್ತಿದ್ದೂ ಆಯಿತು. ಮೂರನೆಯ ರಾತ್ರಿ ನಾಲ್ಕು ಗಂಟೆ ಹೊತ್ತಿಗೆ ನಮ್ಮ ಗದ್ದೆಯ ಬದುವಿಗೆ ನೀರು ಬಂದು ಮುಟ್ಟಿತು. ಟಾರ್ಚು ಬಿಟ್ಟು ನೋಡಿದರೆ ಮುಂದೆ ಒಣಗಿದ ಎಲೆ, ಕಸ, ನೊರೆ, ಹಿಂದೆ ನೀರು. ಮೊದಲು ನಾಲೆಗೆ ಇಳಿದವರು ಯಾರು ಎಂದು ಆಮೇಲೆ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು.