ಸಹಿಗೆ ಬಾಲ ಇಲ್ಲ ಸರ್!

ಮಂಡಿನೋವಿನ ಹಿರಿಯರು ಬ್ಯಾಂಕಿಗೆ ಬರಲಾರರು ಎಂದರೆ ಕೌಂಟರಿನಿಂದ ಬರುವ ಉತ್ತರ ಒಂದೇ: "ಜಿಪಿಎ ಮಾಡಿಸ್ಕೊಂಡು ಬನ್ನಿ." ಅಂದರೆ ಜನರಲ್ ಪವರ್ ಆಫ್ ಅಟಾರ್ನಿ, ನಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಪತ್ರ. ಮಾಡಿಸಲು ಯಾರು ಹೋಗಬೇಕು? ಅದೇ ಮಂಡಿನೋವಿನವರು. ಪತ್ರವನ್ನು ದೃಢೀಕರಿಸುವ ನೋಟರಿ ಇರುವುದೆಲ್ಲಿ? ಕೋರ್ಟಿನ ಎದುರು, ಲಿಫ್ಟಿಲ್ಲದ ಕಟ್ಟಡದ ಮಹಡಿಯಲ್ಲಿ! ಮನೆಗೇ ಕರೆಸಬಹುದು, ಕಾನೂನು ಬೇಡ ಅನ್ನುವುದಿಲ್ಲ. ಫೀಸು ಮಾತ್ರ ಮೊದಲೇ ಮಾತಾಡಿಕೊಳ್ಳಿ.

ಪತ್ರಕ್ಕೆ ಬೇಕಾದ ಇ-ಸ್ಟಾಂಪ್ (ಛಾಪಾ ಕಾಗದ) ತೆಗೆಸುವಾಗ ಅಧಿಕಾರ ಕೊಡುವವರು ಫಸ್ಟ್ ಪಾರ್ಟಿ, ಪಡೆಯುವವರು ಸೆಕೆಂಡ್ ಪಾರ್ಟಿ. ಇನ್ನು ಹೆಸರು. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪಾಸ್‌ಬುಕ್ಕಿನಲ್ಲಿ ಮುಂದೆ, ಪ್ಯಾನ್‌ನಲ್ಲಿ ಊರಿನ ಹೆಸರೂ ಸೇರಿ ಉದ್ದುದ್ದ. ಮೂರನ್ನೂ ಪತ್ರದಲ್ಲಿ ಬರೆಸಲೇಬೇಕು. ಹೀಗಾಗಿ ಜನ್ಮದಲ್ಲಿ ಒಂದು ಸಿಗ್ನಲ್ಲೂ ಹಾರದ ಮೇಷ್ಟ್ರು ಪೊಲೀಸ್ ಡೈರಿಯ ಆಸಾಮಿಯಂತೆ ಎರಡು 'ಅಲಿಯಾಸ್' ಹೊತ್ತು ನಿಲ್ಲುತ್ತಾರೆ.

'ಎಲ್ಲಾ ಬ್ಯಾಂಕ್ ವ್ಯವಹಾರ' ಎಂದು ಒಂದೇ ಸಾಲು ಬರೆಸಿ ಮುಗಿಸಬೇಡಿ. ಬರೆಯದ ಅಧಿಕಾರ ಇಲ್ಲವೆಂದೇ ಲೆಕ್ಕ. ಚೆಕ್ಕಿಗೆ ಸಹಿ, ಎಫ್‌ಡಿ ಅವಧಿಗೆ ಮುಂಚೆ ಮುರಿಸುವುದು, ಲಾಕರ್, ಒಂದೊಂದೂ ಬಿಡಿಬಿಡಿಯಾಗಿ ಬರಲಿ.

ಆಮೇಲೆ ಸಹಿ ಪರ್ವ. ಪ್ರತಿ ಪುಟದ ಬುಡಕ್ಕೆ, ಫೋಟೋದ ಮೇಲೆ ಅರ್ಧ ಹಾಯುವಂತೆ, ತಿದ್ದಿದ ಕಡೆಯಲ್ಲೆಲ್ಲ, ಕೊನೆಗೆ ನೋಟರಿಯ ರಿಜಿಸ್ಟರಿನಲ್ಲಿ. ಅಧಿಕಾರ ಪಡೆಯುವವರ ಮಾದರಿ ಸಹಿ, ಇಬ್ಬರು ಸಾಕ್ಷಿಗಳೂ ಇರಲಿ. ಎಲ್ಲ ಮುಗಿಸಿ ಕೊಟ್ಟರೆ ಗುಮಾಸ್ತರು ಖಾತೆ ತೆರೆದ ಕಾಲದ ಸಹಿಯನ್ನು ಪರದೆಯ ಮೇಲೆ ಹಿಗ್ಗಿಸುತ್ತಾರೆ. ಕನ್ನಡಕ ಏರಿಸುತ್ತಾರೆ, ಇಳಿಸುತ್ತಾರೆ, ಪಕ್ಕದವರನ್ನೂ ಕರೆಯುತ್ತಾರೆ. "ಇಲ್ಲಿ ನೋಡಿ, ಕೊನೇ ಅಕ್ಷರಕ್ಕೆ ಬಾಲ ಇದೆ. ನಿಮ್ಮದ್ರಲ್ಲಿ ಇಲ್ಲ." ಸ್ವಾಮೀ, ಬಾಲ ಎಳೆಯುವ ಶಕ್ತಿ ಕೈಯಲ್ಲಿದ್ದಿದ್ದರೆ ಅವರೇ ಬರುತ್ತಿದ್ದರಲ್ಲ! ಮದ್ದು ಇಷ್ಟೇ: ಜಿಪಿಎಗೆ ಮುಂಚೆ ಬ್ಯಾಂಕಿನಲ್ಲಿ ಹೊಸ ಮಾದರಿ ಸಹಿ ಕೊಡಿಸಿ, ಬ್ಯಾಂಕಿನದೇ ಜಿಪಿಎ ನಮೂನೆ ಇದ್ದರೆ ಈಸಿಕೊಳ್ಳಿ.

ನೋಟರಿಯ ಬರಹದಲ್ಲಿ 'ನನ್ನ ಎದುರು ಸಹಿ ಮಾಡಿದರು' ಎಂದಿರಬೇಕು. ಬರೀ 'ನಿಜ ಪ್ರತಿ' ಮೊಹರು ಸಾಲದು. ನೋಟರಿ ಎದುರು ಬರೆದುಕೊಟ್ಟು ದೃಢೀಕರಿಸಿದ ಪತ್ರವನ್ನು ಕೋರ್ಟು ಸಾಚಾ ಎಂದು ಭಾವಿಸುತ್ತದೆ. ರಿಜಿಸ್ಟರ್ ನಂಬರ್, ತಾರೀಕು, ನೋಟರಿ ಸ್ಟಾಂಪು, ಲೈಸೆನ್ಸಿನ ಅವಧಿ, ಎಲ್ಲ ಅಲ್ಲೇ ನೋಡಿಕೊಳ್ಳಿ. ವಿದೇಶದಲ್ಲಿ ಮಾಡಿಸಿದ ಪತ್ರ ಇಲ್ಲಿಗೆ ಬಂದ 3 ತಿಂಗಳೊಳಗೆ ಅದಕ್ಕೆ ಸ್ಟಾಂಪ್ ಶುಲ್ಕ ಕಟ್ಟಬೇಕು.

ಇದನ್ನು ಮುಂದೂಡುವುದು ಮಾತ್ರ ಬೇಡ. 1872ರ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ ಕೊಟ್ಟವರು ತೀರಿಕೊಂಡರೆ ಅಧಿಕಾರವೂ ಮುಗಿಯಿತು. ಬುದ್ಧಿ ಸ್ಥಿಮಿತ ತಪ್ಪಿದರೂ ಅಷ್ಟೇ. ಮಗಳನ್ನೇ "ಯಾರಮ್ಮಾ ನೀನು?" ಎಂದು ಕೇಳುವ ಅಮ್ಮನಿಂದ ಯಾವ ನೋಟರಿಯೂ ಸಹಿ ಹಾಕಿಸುವಂತಿಲ್ಲ. ಪತ್ರ ನಿಜವಾಗಿ ಬೇಕಾಗುವುದು ಮಾತ್ರ ಆಗಲೇ.

ಅಂದಹಾಗೆ, ಹಾಸಿಗೆ ಹಿಡಿದ ಖಾತೆದಾರರು ಹಣ ತೆಗೆಯಲು ಹೆಬ್ಬೆರಳು ಅಥವಾ ಕಾಲ್ಬೆರಳ ಗುರುತು ಒತ್ತಿದರೂ ಸಾಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿಗಳು ಬೇಕು, ಒಬ್ಬರು ಬ್ಯಾಂಕ್ ಅಧಿಕಾರಿಯೇ ಆಗಿರಬೇಕು. ಕೌಂಟರಿನಲ್ಲಿ ಇದನ್ನು ತಾವಾಗಿ ಯಾರೂ ಹೇಳುವುದಿಲ್ಲ, ನೀವೇ ಕೇಳಿ.